ಅಕ್ಷರದ ಕಾಲು

ಮೂರು ಸಾಫ್ಟ್‌ವೇರು, ಹದಿನಾಲ್ಕು ದಿನದ ಪರೀಕ್ಷೆ.
ಹದಿಮೂರು ಮುಗಿದವು.
ಟೂಲ್ ಟೊಂಪೊಂಗ್ ಸಂತೆಯ ಹಿಂದೆ
ಹೊಲಿಗೆಯಂಗಡಿಯ ಮೇಲಿನ ಕೋಣೆ;
ಕೆಳಗಿನ ಮೆಷಿನ್ನಿಗೆ ನನ್ನ ಮೇಜು ಸಣ್ಣಗೆ ನಡುಗುತ್ತದೆ.
ಹತ್ತೊಂಬತ್ತು ವರ್ಷ ಕತ್ತರಿಸಿದ್ದೇನೆ:
ಮದುವೆ, ಟೂತ್‌ಪೇಸ್ಟು, ಚುನಾವಣೆ,
ಒಬ್ಬ ಮಂತ್ರಿಯ ಕೆಮ್ಮು.
ಎಲ್ಲಿ ಕತ್ತರಿಸಬೇಕೆಂದು ಬೆರಳಿಗೇ ಗೊತ್ತು.
ಯಾವುದನ್ನು ಕುಣಿಸುತ್ತೀ ಎಂದು
ಈಗೀಗ ಜನ ಕೇಳತೊಡಗಿದ್ದಾರೆ.

ಬಾಟ್ಟಂಬಾಂಗಿನ ಪ್ರಹೊಕ್ ಸಾಹುಕಾರ ಹೆಂಗ್
ಬಾಟಲಿಯೊಂದನ್ನು ತಂದಿಟ್ಟ. ಮುಚ್ಚಳ ಬಿಗಿಯಿದ್ದರೂ
ಹುದುಗಿದ ಮೀನಿನ ವಾಸನೆ ಕೀಬೋರ್ಡಿನವರೆಗೂ ಬಂತು.
"ಮೀನು ಅನ್ನುವ ಪದ ಇದೆಯಲ್ಲ,
ಅದೇ ನೀರಿನಿಂದ ಹಾರಬೇಕು. ಆರು ಸೆಕೆಂಡು.
ನೀರಹಬ್ಬಕ್ಕೆ ಮುಂಚೆ."
ಅರ್ಧ ಹಣ ಡಾಲರಿನಲ್ಲಿ ಕೊಟ್ಟ. ಒಂದು ನೋಟು ಹರಿದಿತ್ತು,
ಹರಿದದ್ದನ್ನು ಈ ಊರಲ್ಲಿ ಯಾರೂ ಮುಟ್ಟುವುದಿಲ್ಲ.

ತ್ರೆಯ್. ನಮ್ಮ ಮೀನು.
ಒಂದು ತ, ಅದಕ್ಕೊಂದು ರ-ಕಾರದ ಕಾಲು,
ನೆತ್ತಿಯ ಮೇಲೆ ಸ್ವರದ ಟೊಪ್ಪಿಗೆ.
ಕಾಲು ಎಂದೇ ಕರೆಯುತ್ತೇವೆ ನಾವು.
ಬಾಯಲ್ಲಿ ಆಮೇಲೆ ಬರುವ ರ
ಬರವಣಿಗೆಯಲ್ಲಿ ಎಡಕ್ಕೆ ನುಗ್ಗಿ ನಿಲ್ಲುತ್ತದೆ,
ಕೊನೆಗೆ ಬಸ್ಸು ಹತ್ತಿ ಮೊದಲ ಸೀಟು ಹಿಡಿದ
ಅಜ್ಜಿಯ ಹಾಗೆ.

ಮೊದಲನೆಯದು ಬಾಡಿಗೆಯದು.
ಸತ್ತ ಮೇಲೂ ತಿಂಗಳಾದರೆ ಕಾರ್ಡಿನಿಂದ ಕಡಿತ
ಎಂದು ಪನ್ಹಾ ನಗುತ್ತಾನೆ.
ಎಲ್ಲರ ಹತ್ತಿರ ಇರುವುದು ಅದೇ;
ಫೈಲು ಎಲ್ಲಿಗೆ ಕಳಿಸಿದರೂ ತೆರೆಯುತ್ತದೆ.
ಅಕ್ಷರ ಅಕ್ಷರವಾಗಿ ಹಾರು ಎಂದೆ.
ತ ಹಾರಿತು. ಕಾಲು ಬರಲಿಲ್ಲ.
ಅದರ ಜಾಗದಲ್ಲಿ ಚುಕ್ಕಿಚುಕ್ಕಿಯ ಸೊನ್ನೆ,
ಇಲ್ಲಿ ಏನೋ ಇರಬೇಕಿತ್ತಲ್ಲ ಅನ್ನುವ ಸೊನ್ನೆ.

ಎರಡನೆಯದರಲ್ಲಿ ಪದರಗಳಿಲ್ಲ,
ಡಬ್ಬಿಯಿಂದ ಡಬ್ಬಿಗೆ ದಾರ, ಬರೀ ಗಂಟು.
ಒಮ್ಮೆ ಕೊಂಡರೆ ಮುಗಿಯಿತು.
ಬಲೆ ಹೆಣೆದವರ ಮೊಮ್ಮಗಳು ನಾನು, ಇದೇನು ಮಹಾ ಅಂದುಕೊಂಡೆ.
ನಾಲ್ಕು ದಿನ ದಾರ ಬಿಡಿಸಿದೆ.
ನೀರು ಚಿಮ್ಮಿತು. ನೀರಂತೂ ಎಂಥ ನೀರು,
ಪನ್ಹಾ ಸುಮ್ಮನೆ ಮುಖ ಒರೆಸಿಕೊಂಡ!
ಆದರೆ ಕಾಲು ಮೊದಲು ಹಾರಿ
ಮೀನು ಅದನ್ನು ಹುಡುಕುತ್ತ ಹಿಂದೆ ಬಂತು.

ಮೂರನೆಯದು ಬಡಪಾಯಿ.
ಎಲ್ಲೆಲ್ಲಿಯದೋ ಹುಡುಗರು ಸಂಬಳವಿಲ್ಲದೆ ಕಟ್ಟಿದ್ದು.
ಗಂಟೆಗೊಮ್ಮೆ ಮರಗಟ್ಟುತ್ತದೆ. ಹೊಳಪಿಲ್ಲ, ಕಿಡಿಯಿಲ್ಲ.
ಪದವನ್ನು ಬಿಡಿಸಲು ಅದಕ್ಕೆ ಬರುವುದೇ ಇಲ್ಲ,
ಇಡಿಯಾಗಿ ಎತ್ತುತ್ತದೆ, ಇಡಿಯಾಗಿ ಇಳಿಸುತ್ತದೆ.
ಕಾಲು ಅಲ್ಲೇ ಇದೆ.

"ಅಕ್ಕಾ, ಆರು ಸೆಕೆಂಡಲ್ಲಿ ಯಾರು ಕಾಲು ಎಣಿಸ್ತಾರೆ?"
ಅವನದೂ ನಿಜ.
ನಾಳೆ ಬೇರೆ ಸ್ಟುಡಿಯೊದ ಬಾಗಿಲು ತಟ್ಟಬೇಕಾದವನು,
ಮೂರನೆಯದು ಗೊತ್ತು ಎಂದರೆ ಕುರ್ಚಿ ಕೊಡುವವರಾರು?
ಆದರೆ ನನ್ನಮ್ಮ
ಯುದ್ಧ ಮುಗಿದ ಮೇಲೆ, ಮೂವತ್ತು ದಾಟಿ ಅಕ್ಷರ ಕಲಿತವಳು.
ಟಿವಿಯಲ್ಲಿ ಪದ ಬಂದರೆ ಈಗಲೂ ಗಟ್ಟಿಯಾಗಿ ಓದುತ್ತಾಳೆ;
ಬೆರಳು ಗಾಳಿಯಲ್ಲಿ ಟೊಪ್ಪಿಗೆಯಿಂದ ಇಳಿದು
ಕಾಲು ಮುಟ್ಟಿ ನಿಲ್ಲುತ್ತದೆ.
ಎಣಿಸುವವರು ಒಬ್ಬರಂತೂ ಇದ್ದಾರೆ.

ಕುಣಿಯದಿದ್ದರೆ ಬೇಡ, ಕುಂಟಬಾರದು.
ನಡುರಾತ್ರಿ ಏಳು ಕೀಫ್ರೇಮ್ ನೆಟ್ಟೆ,
ಮೇಲೇರುವಲ್ಲಿ ಸ್ವಲ್ಪ ಆತುರ, ಬೀಳುವಲ್ಲಿ ಭಾರ.
ಎರಡು ಸಲ ಮರಗಟ್ಟಿ, ಮೂರನೆಯ ಸಲ ಹೊರಬಂತು.

ಹೆಂಗ್ ನೋಡಿದ. ಮತ್ತೆ ನೋಡಿದ.
"ಬಾಲ ಚೂರು ಅಲ್ಲಾಡಿದ್ದರೆ..." ಎಂದ,
ಉಳಿದ ಹಣ ಎಣಿಸುತ್ತ.

ಮೊದಲನೆಯದನ್ನೂ ಒಂದು ತಿಂಗಳಿಗೆ ಹಿಡಿದಿದ್ದೇನೆ,
ಪನ್ಹಾನ ಹೆಸರಿನಲ್ಲಿ; ಅವನು ಕಲಿಯಲಿ.
ಹರಿದ ನೋಟು ಇನ್ನೂ ಪ್ರಹೊಕ್ ಬಾಟಲಿಯ ಕೆಳಗಿದೆ.
ಹೊಲಿಗೆ ಮೆಷಿನ್ನು ಓಡಿದಾಗ
ಅದರ ಒಂದು ತುದಿ ಅಲ್ಲಾಡುತ್ತದೆ.